ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಬರೆಯುವುದು ಹೇಗೆ, ಜನರನ್ನು ಮಾತಿಗೆ ಕೂರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮಾರ್ಚ್ ಕೊನೆಯ ವಾರ ಬಂತೆಂದರೆ ನನಗೆ ಫೋನುಗಳು ಶುರುವಾಗುತ್ತವೆ. ಸಿಂಧನೂರಿನ ವರದಿಗಾರ, ಕುಷ್ಟಗಿಯಲ್ಲಿ ಯೂಟ್ಯೂಬ್ ಚಾನೆಲ್ ನಡೆಸುವ ಹುಡುಗಿ, ಸಿರುಗುಪ್ಪ ಕಡೆಯ ಮೇಷ್ಟ್ರು. ಎಲ್ಲರದ್ದೂ ಒಂದೇ ಮಾತು. "ಅಕ್ಕಾ, ಏಪ್ರಿಲ್ 2ಕ್ಕೆ ಆಟಿಸಂ ದಿನ ಐತಲ್ಲ, ಯಾವುದಾದ್ರೂ ಒಂದು ಮಗು ಇದ್ರ ಹೇಳ್ರಿ, ಸ್ಟೋರಿ ಮಾಡ್ಬೇಕು." ಆಮೇಲೆ ಅದೇ ಸ್ಟೋರಿ ಬರುತ್ತದೆ. ಕಣ್ಣೀರಿಡುವ ತಾಯಿ, ಮೂಲೆಯಲ್ಲಿ ಕೂತ ಮಗು, ಡಾಕ್ಟರ ಮೂರು ಸಾಲು. ಮಾರನೇ ದಿನದಿಂದ ಆ ತಾಯಿ ಫೋನ್ ಎತ್ತುವುದಿಲ್ಲ, ವರದಿಗಾರನಿಗೆ ಯಾಕೆ ಅಂತ ಗೊತ್ತಾಗುವುದಿಲ್ಲ, ಮುಂದಿನ ವರ್ಷ ಇನ್ನೊಂದು ಮನೆ ಹುಡುಕುತ್ತಾನೆ.

ಇಷ್ಟು ಜನ ಒಂದೇ ಕಡೆ ಎಡವುತ್ತಿದ್ದಾರೆ ಅಂದರೆ ಮನಸ್ಸು ಕೆಟ್ಟದ್ದು ಅಂತಲ್ಲ, ಹಂತಗಳ ಕ್ರಮ ತಲೆಕೆಳಗಾಗಿದೆ. ನೀವು ಮಗುವನ್ನು ಮೊದಲು ಹುಡುಕುತ್ತೀರಿ. ಮಗು ಐದನೇ ಹಂತದಲ್ಲಿ ಬರಬೇಕು. ಕೆಳಗಿರುವ ಹಂತಗಳನ್ನು ದಯವಿಟ್ಟು ಬರೆದ ಕ್ರಮದಲ್ಲೇ ಮಾಡಿ.

ಪದಗಳ ಬಗ್ಗೆ ಒಂದು ಮಾತು. ಆಟಿಸಂ ಅಂದರೆ ಜನರ ಜೊತೆ ಬೆರೆಯುವುದು, ಮಾತು, ಸದ್ದು ವಾಸನೆಗಳ ಅನುಭವ ಬೇರೆ ರೀತಿ ಇರುವುದು. ಎಡಿಎಚ್‌ಡಿ ಅಂದರೆ ಗಮನ ನಿಲ್ಲಿಸುವುದು, ಸುಮ್ಮನೆ ಕೂರುವುದು ಕಷ್ಟವಾಗುವುದು. ಡಿಸ್ಲೆಕ್ಸಿಯಾ ಅಂದರೆ ಓದು ಬರಹದಲ್ಲಿ ತೊಡಕು. ಇವನ್ನೆಲ್ಲ ಒಟ್ಟಿಗೆ ಹೇಳುವಾಗ ನ್ಯೂರೋಡೈವರ್ಸಿಟಿ ಅನ್ನೋ ಪದ ಬರುತ್ತದೆ. ಎಲ್ಲರ ಮಿದುಳೂ ಒಂದೇ ರೀತಿ ಕೆಲಸ ಮಾಡುವುದಿಲ್ಲ, ಈ ವ್ಯತ್ಯಾಸ ಮನುಷ್ಯರಲ್ಲಿ ಇರುವಂಥದ್ದೇ ಅಂತ ಅದರ ಅರ್ಥ. ಹಾಗಂತ ಕಷ್ಟಗಳು ಸುಳ್ಳು ಅಂತಲ್ಲ. ಹತ್ತು ವರ್ಷವಾದರೂ ಮಾತು ಬಾರದ ಮಗುವಿನ ಮನೆಯಲ್ಲಿ ಕೂತು "ಇದು ಬರೀ ವೈವಿಧ್ಯ" ಅಂದರೆ ಅವರಿಗೆ ನೋವಾಗುತ್ತದೆ. ವ್ಯತ್ಯಾಸವೂ ನಿಜ, ಕಷ್ಟವೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಬರೆಯಬೇಕು.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಎರಡು ನೋಟ್‌ಬುಕ್. ಒಂದು ವರದಿಗೆ, ಇನ್ನೊಂದು ಫೋನ್ ಮಾಡಿದವರ ಲೆಕ್ಕಕ್ಕೆ. ಎರಡನೆಯದು ಯಾಕೆ ಅಂತ ಕೊನೆಯ ಹಂತದಲ್ಲಿ ಹೇಳುತ್ತೇನೆ, ಅದನ್ನು ಮಾತ್ರ ಬಿಡಬೇಡಿ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಒಂದು ಪ್ರತಿ. ಪೂರ್ತಿ ಓದಲು ಆಗದಿದ್ದರೆ ಸೆಕ್ಷನ್ 16, 17, 31 ಮತ್ತು 92 ಓದಿ. ಕೊನೆಯಲ್ಲಿರುವ ಅಂಗವೈಕಲ್ಯಗಳ ಪಟ್ಟಿಯನ್ನೂ ನೋಡಿ.

ಒಂದೇ ಪುಟದ ಒಪ್ಪಿಗೆ ಪತ್ರ, ಸರಳ ಕನ್ನಡದಲ್ಲಿ. ತೆಲುಗು ಅಥವಾ ಉರ್ದು ಮನೆಮಾತಿನ ಕುಟುಂಬವಾದರೆ ಅದನ್ನು ಅವರ ಭಾಷೆಯಲ್ಲಿ ಓದಿ ಹೇಳುವ ಒಬ್ಬರು ಜೊತೆಗಿರಬೇಕು.

ಮತ್ತೆ ಸಮಯ. ಮೊದಲ ವರದಿಗೆ ಆರು ವಾರ ಇಟ್ಟುಕೊಳ್ಳಿ. ಏಪ್ರಿಲ್ 2ಕ್ಕೆ ಬೇಕು ಅಂದರೆ ಫೆಬ್ರವರಿ ಮಧ್ಯದಲ್ಲೇ ಹೊರಡಬೇಕು. ಆಗದಿದ್ದರೆ ಆ ದಿನ ಬಿಡಿ, ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಬರೆಯಿರಿ. ಓದುವವರಿಗೆ ಆಗಲೇ ಅದು ಹೆಚ್ಚು ಬೇಕಾಗಿರುತ್ತದೆ.

## ಹಂತ 1: ಪದಗಳನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ

ನಮ್ಮ ಕಡೆ ಮಾತಿನಲ್ಲಿ ಬರುವ ಪದಗಳು ಗೊತ್ತೇ ಇವೆ. ದಡ್ಡ, ಮಂದ, ಅರೆಹುಚ್ಚ, ಮೂಕ. ಪತ್ರಿಕೆಯಲ್ಲಿ ಇವು ಈಗ ಕಡಿಮೆ ಆಗಿವೆ. ಆದರೆ ಅವುಗಳ ಜಾಗದಲ್ಲಿ "ಆಟಿಸಂನಿಂದ ಬಳಲುತ್ತಿರುವ ಬಾಲಕ", "ಬಲಿಯಾದ ಮಗು" ಬಂದು ಕೂತಿವೆ. ಜುಲೈ 2024ರಲ್ಲಿ ಸುಪ್ರೀಂ ಕೋರ್ಟ್ ಸಿನಿಮಾ ಮತ್ತು ದೃಶ್ಯ ಮಾಧ್ಯಮದಲ್ಲಿ ಅಂಗವಿಕಲರನ್ನು ತೋರಿಸುವ ಬಗ್ಗೆ ಕೊಟ್ಟ ತೀರ್ಪಿನಲ್ಲಿ ಇಂಥ "ಬಳಲುವ", "ಬಲಿಪಶು" ಥರದ ಮಾತುಗಳಿಂದ ದೂರ ಇರಿ ಅಂತಲೇ ಹೇಳಿದೆ. "ಆಟಿಸಂ ಇರುವ ಹುಡುಗ" ಅಂದರೆ ಸಾಕು. ಕೆಲವು ದೊಡ್ಡವರಿಗೆ "ನಾನು ಆಟಿಸ್ಟಿಕ್" ಅಂತ ಹೇಳಿಕೊಳ್ಳುವುದೇ ಇಷ್ಟ. ಹಾಗಾಗಿ ಕೇಳಿ, ಅವರು ಹೇಳಿದ ಹಾಗೆ ಬರೆಯಿರಿ.

ಸರ್ಕಾರಿ ಕಾಗದದಲ್ಲಿ "ಸ್ವಲೀನತೆ" ಅಂತ ಬರುತ್ತದೆ. ಅದು ತನ್ನಲ್ಲೇ ಮುಳುಗಿದವನು ಅನ್ನೋ ಅರ್ಥ ಕೊಡುತ್ತದೆ, ಓದಿದವರಿಗೆ ಮಗುವಿಗೆ ಯಾರೂ ಬೇಡ ಅನ್ನಿಸಿಬಿಡುತ್ತದೆ. ನಾನು ಆಟಿಸಂ ಅಂತಲೇ ಬರೆಯುತ್ತೇನೆ. ಕಾಗದಪತ್ರದ ವಿಷಯ ಬಂದಾಗ ಮಾತ್ರ ಒಮ್ಮೆ ಸ್ವಲೀನತೆ ಅಂತ ಹೇಳುತ್ತೇನೆ, ಕಚೇರಿಯಲ್ಲಿ ಫಾರಂ ನೋಡಿದಾಗ ಅವರಿಗೆ ಗುರುತು ಸಿಗಲಿ ಅಂತ.

ಇನ್ನೊಂದು ತಪ್ಪು ತುಂಬಾ ಸಾಮಾನ್ಯ. ಆಟಿಸಂ, ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆ, ಮೂರನ್ನೂ ಒಂದೇ ಚೀಲಕ್ಕೆ ಹಾಕುವುದು. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಆಟಿಸಂ ಬೇರೆ, ಬೌದ್ಧಿಕ ಅಂಗವೈಕಲ್ಯ ಬೇರೆ, ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾ ಥರದ್ದು) ಬೇರೆ, ಮಾನಸಿಕ ಕಾಯಿಲೆ ಬೇರೆ. ಒಬ್ಬರಲ್ಲೇ ಎರಡು ಇರಬಹುದು, ಆದರೆ ಒಂದೇ ಅಲ್ಲ. ಇನ್ನೂ ಒಂದು ವಿಷಯ ನೆನಪಿಡಿ: ಎಡಿಎಚ್‌ಡಿ ಆ 21ರ ಪಟ್ಟಿಯಲ್ಲಿ ಹೆಸರು ಹಿಡಿದು ಇಲ್ಲ. "ಎಡಿಎಚ್‌ಡಿ ಇದ್ದರೆ ಸರ್ಟಿಫಿಕೇಟ್ ಸಿಗುತ್ತದೆ" ಅಂತ ಬರೆದರೆ ಜನ ಬಸ್ ಚಾರ್ಜು ಹಾಕಿಕೊಂಡು ಜಿಲ್ಲಾಸ್ಪತ್ರೆಗೆ ಬಂದು ಬರಿಗೈಯಲ್ಲಿ ವಾಪಸ್ ಹೋಗುತ್ತಾರೆ.

ಎಚ್ಚರಿಕೆಯ ಗುರುತು: ತಲೆಬರಹ ಡೆಸ್ಕ್‌ನಲ್ಲಿ ಬದಲಾಗುತ್ತದೆ. ನನ್ನ ಒಂದು ವರದಿಗೆ ನಾನು ಕೊಟ್ಟ ಶೀರ್ಷಿಕೆ ತೆಗೆದು "ವಿಧಿಯಾಟಕ್ಕೆ ಸಿಕ್ಕ ಕಂದ" ಅಂತ ಹಾಕಿದ್ದರು. ಒಳಗೆ ಏನೇ ಬರೆದಿದ್ದರೂ ಜನ ಓದಿದ್ದು ಆ ಮೂರು ಪದ. ಅಂದಿನಿಂದ ವರದಿಯ ಜೊತೆ ಮೂರು ಶೀರ್ಷಿಕೆ ಕಳಿಸುತ್ತೇನೆ, ಬಳಸಬಾರದ ಪದಗಳ ಪಟ್ಟಿಯನ್ನೂ ಮೇಲೆ ಬರೆಯುತ್ತೇನೆ, ರಾತ್ರಿ ಪುಟ ಹೋಗುವ ಮುಂಚೆ ಒಂದು ಫೋನ್ ಮಾಡುತ್ತೇನೆ.

## ಹಂತ 2: ಸಹಾಯ ಎಲ್ಲಿ ಸಿಗುತ್ತದೆ ಅಂತ ಕಾಲ್ನಡಿಗೆಯಲ್ಲಿ ನೋಡಿ ಬನ್ನಿ

ವರದಿ ಓದಿದ ತಂದೆತಾಯಿ ಕೇಳುವ ಮೊದಲ ಪ್ರಶ್ನೆ "ಎಲ್ಲಿ ತೋರಿಸೋದು?" ಇದಕ್ಕೆ ಉತ್ತರ ಇಲ್ಲದೆ ಬರೆಯಬೇಡಿ. ಸುಮ್ನೆ ಪಟ್ಟಿ ಕಾಪಿ ಮಾಡಿದರೆ ಆಗುವುದಿಲ್ಲ, ಒಂದೊಂದು ಬಾಗಿಲಿಗೂ ನೀವೇ ಹೋಗಬೇಕು. ಹೋಗುವ ಕ್ರಮ ಹೀಗಿರಲಿ.

ಮೊದಲು ಹಳ್ಳಿ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಈ ಮೂರನೆಯವರನ್ನು ಜನ ವಿಆರ್‌ಡಬ್ಲ್ಯೂ ಅಂತಾರೆ. ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯಾವ ಮನೆಯಲ್ಲಿ ಯಾರಿಗೆ ಪಿಂಚಣಿ ನಿಂತಿದೆ ಅನ್ನೋದರಿಂದ ಹಿಡಿದು ಎಲ್ಲವೂ ಇವರಿಗೆ ಗೊತ್ತಿರುತ್ತದೆ. ಪತ್ರಕರ್ತರು ಇವರನ್ನು ದಾಟಿ ಸೀದಾ ಡಾಕ್ಟರ ಹತ್ತಿರ ಹೋಗುತ್ತಾರೆ. ಅದು ದೊಡ್ಡ ತಪ್ಪು.

ಆಮೇಲೆ ತಾಲ್ಲೂಕಿನ ಬಿಆರ್‌ಸಿ ಕಚೇರಿ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ. ಅಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಶಿಕ್ಷಕರು ಇರುತ್ತಾರೆ. ಎಷ್ಟು ಹುದ್ದೆ, ಎಷ್ಟು ಜನ, ವಾರಕ್ಕೆ ಎಷ್ಟು ಮಕ್ಕಳ ಮನೆಗೆ ಹೋಗುತ್ತಾರೆ ಅಂತ ಕೇಳಿ.

ನಂತರ ಜಿಲ್ಲಾ ಮಟ್ಟ. ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್, ಬಳ್ಳಾರಿಯಲ್ಲಿ ಹಿಂದೆ ವಿಮ್ಸ್ ಅಂತಿದ್ದ ವೈದ್ಯಕೀಯ ಕಾಲೇಜು ಆಸ್ಪತ್ರೆ. ಮಕ್ಕಳ ವಿಭಾಗ, ಮನೋವೈದ್ಯ ವಿಭಾಗ ಎರಡನ್ನೂ ನೋಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, ಅದರಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯಬೇಕು, ಹೆಚ್ಚಿನ ಪರೀಕ್ಷೆಗೆ ಜಿಲ್ಲೆಯಲ್ಲಿ ಡಿಇಐಸಿ, ಅಂದರೆ ತೊಂದರೆಯನ್ನು ಬೇಗ ಗುರುತಿಸಿ ನೆರವು ಕೊಡುವ ಕೇಂದ್ರ ಇರಬೇಕು. ಬೋರ್ಡ್ ಇದೆಯಾ ಅಂತ ನೋಡಿ ಬರಬೇಡಿ. ಮಾತಿನ ತರಬೇತಿ ಕೊಡುವವರು ಇದ್ದಾರಾ, ವಾರದ ಯಾವ ದಿನ ಬರುತ್ತಾರೆ, ಬೆಳಿಗ್ಗೆ ಎಷ್ಟು ಗಂಟೆಗೆ ಚೀಟಿ ಮಾಡಿಸಬೇಕು, ಇವನ್ನು ಕೇಳಿ ಬರೆದುಕೊಳ್ಳಿ. ಮಸ್ಕಿಯಿಂದ ಮಗುವನ್ನು ಎತ್ತಿಕೊಂಡು ರಾಯಚೂರಿಗೆ ಬರುವ ತಾಯಿಗೆ ಒಂದು ದಿನದ ಕೂಲಿ ಹೋಗುತ್ತದೆ. ನಿಮ್ಮ ವರದಿಯಲ್ಲಿ ದಿನ ತಪ್ಪಿದ್ದರೆ ಆ ಕೂಲಿ ಹೋದದ್ದು ನಿಮ್ಮಿಂದ.

ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಪಿಂಚಣಿ ವಿಷಯಕ್ಕೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿ. ಹಲವು ಸೌಲಭ್ಯಗಳಿಗೆ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಅಂತ ಪ್ರಮಾಣಪತ್ರ ಬೇಕು. ಆಟಿಸಂ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ. ಎಷ್ಟೋ ಮನೆಗಳಿಗೆ ಇದರ ಹೆಸರೇ ಗೊತ್ತಿಲ್ಲ. ಜಿಲ್ಲೆಯ ಆಚೆಗೆ ಅಂದರೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಇವನ್ನು ಕೊನೆಯಲ್ಲಿ ಬರೆಯಿರಿ. ಮೊದಲೇ ಬರೆದರೆ ಜನ ಸಾಲ ಮಾಡಿ ಸೀದಾ ಅಲ್ಲಿಗೇ ಹೋಗುತ್ತಾರೆ, ಹತ್ತಿರದಲ್ಲಿ ಸಿಗುವುದು ತಪ್ಪಿಹೋಗುತ್ತದೆ.

ಅಂಕಿಸಂಖ್ಯೆ ಬಾಯಿಮಾತಿನಲ್ಲಿ ತೆಗೆದುಕೊಳ್ಳಬೇಡಿ. ಮಾಹಿತಿ ಹಕ್ಕಿನ ಅರ್ಜಿ ಹಾಕಿ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಇದನ್ನು ಮರೆತು ಹತ್ತು ಪ್ರಶ್ನೆ ತುಂಬಿಸಿ ಅರ್ಜಿ ವಾಪಸ್ ಬಂತು ಅಂತ ಗೋಳಾಡುವವರನ್ನು ಪ್ರತಿ ವರ್ಷ ನೋಡುತ್ತೇನೆ. ಆಸ್ಪತ್ರೆಗೆ ಒಂದು, ಶಿಕ್ಷಣ ಇಲಾಖೆಗೆ ಒಂದು, ಬೇರೆಬೇರೆ ಹಾಕಿ.

## ಹಂತ 3: ಮೊದಲು ದೊಡ್ಡವರನ್ನು ಕಾಣಿ

ಆಟಿಸಂ ಅಂದರೆ ಮಕ್ಕಳ ವಿಷಯ ಅಂತ ನಮ್ಮಲ್ಲಿ ಕೂತುಬಿಟ್ಟಿದೆ. ಮಕ್ಕಳು ದೊಡ್ಡವರಾಗುತ್ತಾರೆ. ಬಳ್ಳಾರಿಯ ಜೀನ್ಸ್ ಯೂನಿಟ್‌ನಲ್ಲಿ ಹೊಲಿಗೆ ಮಾಡುವವರಲ್ಲಿ, ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರಲ್ಲಿ, ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ ಇಂಥವರು ಇದ್ದಾರೆ. ಕೆಲವರಿಗೆ ಇಪ್ಪತ್ತೈದು ದಾಟಿದ ಮೇಲೆ ಗೊತ್ತಾಗಿರುತ್ತದೆ, ಇನ್ನು ಕೆಲವರಿಗೆ ತಮ್ಮ ಮಗುವಿನ ತಪಾಸಣೆಗೆ ಹೋದಾಗ. ತಮ್ಮ ಕಥೆಯನ್ನು ತಾವೇ ಹೇಳಬಲ್ಲವರು ಇವರು. "ಹೆಸರು ಬೇಡ" ಅಂದರೆ ಹೆಸರು ಬೇಡ.

ಇವರನ್ನು ಹುಡುಕುವುದು ನಿಧಾನದ ಕೆಲಸ. ಮನೋವೈದ್ಯರನ್ನು ಹೆಸರು ಕೊಡಿ ಅಂತ ಕೇಳಬಾರದು, ಕೇಳಿದರೂ ಅವರು ಕೊಡಬಾರದು. ನಿಮ್ಮ ನಂಬರ್ ಬರೆದ ಒಂದು ಚೀಟಿ ಅವರ ಹತ್ತಿರ ಬಿಟ್ಟು ಬನ್ನಿ, ಇಷ್ಟ ಇದ್ದವರು ತಾವಾಗಿ ಫೋನ್ ಮಾಡುತ್ತಾರೆ. ನನಗೆ ಮೊದಲ ಫೋನ್ ಬರಲು ಐದು ತಿಂಗಳಾಯಿತು. ಆ ಒಬ್ಬರ ಜೊತೆ ಎರಡು ಗಂಟೆ ಮಾತಾಡಿದ ಮೇಲೆ ನಾನು ಅಷ್ಟು ದಿನ ತಾಯಂದಿರಿಗೆ ಕೇಳುತ್ತಿದ್ದ ಪ್ರಶ್ನೆಗಳೇ ಬದಲಾದವು. "ನಾನು ಸಣ್ಣವಳಿದ್ದಾಗ ಕಿವಿ ಮುಚ್ಚಿಕೊಂಡರೆ ಹೊಡೀತಿದ್ರು. ನನಗ ಮಿಕ್ಸಿ ಸದ್ದು ಹಲ್ಲಿನಾಗ ನೋವಾದಂಗ ಆಗ್ತಿತ್ತು." ಇದನ್ನು ಯಾವ ಡಾಕ್ಟರೂ ನನಗೆ ಹೇಳಿರಲಿಲ್ಲ.

## ಹಂತ 4: ಕುಟುಂಬದ ಮನೆಗೆ ಕ್ಯಾಮೆರಾ ಇಲ್ಲದೆ ಹೋಗಿ

ಮೊದಲ ಭೇಟಿಗೆ ನೋಟ್‌ಬುಕ್ಕೂ ಬೇಡ. ವಿಆರ್‌ಡಬ್ಲ್ಯೂ ಜೊತೆ ಹೋಗಿ, ಚಾ ಕುಡಿದು ಬನ್ನಿ. ಮಗು ನಿಮ್ಮನ್ನು ನೋಡದಿದ್ದರೂ ಬೇಜಾರಿಲ್ಲ. ಎತ್ತಿಕೊಳ್ಳಲು, ಕೆನ್ನೆ ಹಿಂಡಲು ಹೋಗಬೇಡಿ.

ಮನೆಯವರು ಡಾಕ್ಟರ ಹತ್ತಿರ ಹೋಗುವ ಮುಂಚೆ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗಿರುತ್ತಾರೆ, ದರ್ಗಾಕ್ಕೆ ಹೋಗಿರುತ್ತಾರೆ, ತಾಯಿತ ಕಟ್ಟಿಸಿರುತ್ತಾರೆ. ಅದನ್ನು ಮೂಢನಂಬಿಕೆ ಅಂತ ಬರೆದು ಅವರನ್ನು ಸಣ್ಣವರನ್ನಾಗಿ ಮಾಡಬೇಡಿ. ಎಲ್ಲೂ ಉತ್ತರ ಸಿಗದಾಗ ಮನುಷ್ಯರು ಹೋಗುವ ಜಾಗ ಅದು. ಹೊಡೆಯುವುದು, ಕಟ್ಟಿಹಾಕುವುದು, ಬರೆ ಹಾಕುವುದು ನಡೆದಿದ್ದರೆ ಮಾತ್ರ ಸುಮ್ಮನಿರಬಾರದು. ಅಲ್ಲಿ ವರದಿಗಿಂತ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ.

ತಾಯಿಯನ್ನು ದೂರುವ ಮಾತು ಮನೆಯಲ್ಲೇ ಬರುತ್ತದೆ, ಅತ್ತೆಯಿಂದ, ಕೆಲವೊಮ್ಮೆ ಗಂಡನಿಂದ. "ಬಸುರಿ ಇದ್ದಾಗ ಹಂಗ ಮಾಡಿದ್ಲು", "ಮೊಬೈಲ್ ಕೊಟ್ಟು ಕೂಡ್ಸಿದ್ಲು". ಮೊಬೈಲ್‌ನಿಂದ ಆಟಿಸಂ ಬರುತ್ತದೆ ಅನ್ನೋದು ಸಾಬೀತಾಗಿಲ್ಲ. ಸೋದರಿಕೆ ಮದುವೆಯಿಂದಲೇ ಬಂದಿದ್ದು ಅಂತ ಒಂದು ಮನೆಯ ಬಗ್ಗೆ ಊಹೆ ಮಾಡಿ ಬರೆಯುವುದೂ ತಪ್ಪು. ನಿಮ್ಮ ವರದಿ ಅತ್ತೆಯ ಕೈಗೆ ಇನ್ನೊಂದು ಕೋಲು ಕೊಡಬಾರದು.

ಈ ಭೇಟಿಯಲ್ಲಿ ನಮ್ಮ ಜಿಲ್ಲೆಗಳಿಗೇ ಸೇರಿದ ವಿಷಯಗಳು ಸಿಗುತ್ತವೆ. ಗುಳೆ ಹೋಗುವ ಮನೆಯ ಮಗುವಿಗೆ ಆರು ತಿಂಗಳು ಬೆಂಗಳೂರಿನ ಶೆಡ್, ಆರು ತಿಂಗಳು ಊರು. ತರಬೇತಿ ಎಲ್ಲಿ ಮುಂದುವರಿಯಬೇಕು? ಬಿಸಿಯೂಟದಲ್ಲಿ ಬಿಳಿ ಅನ್ನ ಮಾತ್ರ ತಿನ್ನುವ, ಸಾಂಬಾರ್ ಮುಟ್ಟಿದರೆ ಚೀರುವ ಹುಡುಗನನ್ನು "ಸೊಕ್ಕು" ಅನ್ನುವ ಶಾಲೆ. ಕೊಪ್ಪಳದ ಗವಿಮಠದ ಜಾತ್ರೆಯ ಜನಸಾಗರದಲ್ಲಿ ಕೈತಪ್ಪಿದರೆ ಹೆಸರು ಹೇಳಲಾರದ ಮಗು. ಕಾಲುವೆ ಪಕ್ಕದ ಹಳ್ಳಿಗಳದ್ದು ಇನ್ನೂ ದೊಡ್ಡ ಭಯ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ನೀರು ಅಂದರೆ ವಿಪರೀತ ಸೆಳೆತ, ಮನೆಯಿಂದ ಹೇಳದೆ ಹೊರಟುಬಿಡುವುದೂ ಉಂಟು. ತುಂಗಭದ್ರಾ ಎಡದಂಡೆ ಕಾಲುವೆ ಮನೆಯ ಹಿಂದೆಯೇ ಹರಿಯುವಾಗ ಆ ತಾಯಿ ರಾತ್ರಿ ಹೇಗೆ ಮಲಗುತ್ತಾಳೆ ಹೇಳಿ. ಚಿಲಕ ಮೇಲೆ ಹಾಕಿಸುವುದು, ಅಕ್ಕಪಕ್ಕದವರಿಗೆ ಮಗುವಿನ ಗುರುತು ಹೇಳಿಡುವುದು, ಅಂಗಿಯೊಳಗೆ ಫೋನ್ ನಂಬರ್ ಹೊಲಿಯುವುದು. ಇಷ್ಟನ್ನೇ ಬರೆದ ಒಂದು ಸಣ್ಣ ವರದಿ ನನ್ನ ದೊಡ್ಡ ಲೇಖನಗಳಿಗಿಂತ ಜಾಸ್ತಿ ಜನಕ್ಕೆ ತಲುಪಿತು.

## ಹಂತ 5: ಒಪ್ಪಿಗೆ ಕೇಳಿ, ಆಮೇಲೆ ಮಾತಾಡಿಸಿ

ಒಪ್ಪಿಗೆ ಪತ್ರದಲ್ಲಿ ನಾಲ್ಕು ವಿಷಯ ಬೇರೆಬೇರೆ ಇರಲಿ: ಹೆಸರು ಹಾಕಬಹುದಾ, ಊರು ಹಾಕಬಹುದಾ, ಫೋಟೋ ಹಾಕಬಹುದಾ, ಆನ್‌ಲೈನ್‌ನಲ್ಲಿ ಇಡಬಹುದಾ. ಒಂದಕ್ಕೆ ಹೂಂ ಅಂದರೆ ನಾಲ್ಕಕ್ಕೂ ಹೂಂ ಅಂತಲ್ಲ. ಪ್ರಕಟವಾಗುವ ಹಿಂದಿನ ದಿನದವರೆಗೂ ಬೇಡ ಅನ್ನಬಹುದು ಅಂತ ಬರೆದು, ಓದಿ ಹೇಳಿ.

ನನ್ನ ಮೊದಲ ವರದಿಯಲ್ಲಿ ಹುಡುಗನ ಹೆಸರು ಬದಲಿಸಿದ್ದೆ. ಆದರೆ ಊರಿನ ಹೆಸರು ಹಾಕಿದೆ, ಅಪ್ಪನದ್ದು ಸೈಕಲ್ ಅಂಗಡಿ ಅಂತಲೂ ಬರೆದೆ. ಆ ಊರಿನಲ್ಲಿ ಇದ್ದದ್ದು ಒಂದೇ ಸೈಕಲ್ ಅಂಗಡಿ. ಅವನ ಅಕ್ಕನಿಗೆ ನೋಡಲು ಬಂದಿದ್ದ ಗಂಡಿನ ಕಡೆಯವರು ವಾಪಸ್ ಹೋದರು. ಆ ತಾಯಿ ಫೋನ್ ಮಾಡಿ ಬೈಯಲಿಲ್ಲ, "ಇನ್ನೊಮ್ಮೆ ಯಾರದೂ ಹಂಗ ಬರೀಬ್ಯಾಡವ್ವ" ಅಂದರು. ಹಾಗಾಗಿ ಹೇಳುತ್ತೇನೆ: ಊರು, ಕಸುಬು, ಜಾತಿ, ಒಡಹುಟ್ಟಿದವರ ವಯಸ್ಸು, ಶಾಲೆ, ಇದರಲ್ಲಿ ಯಾವ ಎರಡು ಸೇರಿದರೂ ಗುರುತು ಸಿಗುತ್ತದಾ ಅಂತ ಆ ತಾಲ್ಲೂಕಿನವರೊಬ್ಬರಿಗೆ ಓದಿಸಿ ನೋಡಿ.

ಕಾನೂನೂ ಇದೆ. ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವ ಮಾನಸಿಕ ಕಾಯಿಲೆಯವರ ಫೋಟೋ, ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ರಕ್ಷಣೆ ಬೇಕಾದ ಮಕ್ಕಳ ಗುರುತು ಹೊರಗೆಡಹುವುದನ್ನು ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ತಡೆಯುತ್ತದೆ. ಇನ್ನು ಅಂಗವಿಕಲ ವ್ಯಕ್ತಿಯನ್ನು ಬೇಕಂತಲೇ ಜನರೆದುರು ಅವಮಾನಿಸಿದರೆ 2016ರ ಕಾಯ್ದೆಯ ಸೆಕ್ಷನ್ 92ರಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಇದೆ. ಮಗು ಚೀರಾಡುವ ವಿಡಿಯೋ ಹಾಕಿ ಲೈಕ್ ಎಣಿಸುವವರಿಗೆ ಈ ಸಾಲು ಓದಿ ಹೇಳಿ.

ಈಗ ಮಾತು. ಪ್ರಶ್ನೆಗಳನ್ನು ಎರಡು ದಿನ ಮುಂಚೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಎಷ್ಟು ಗಂಟೆಗೆ ಬರುತ್ತೀರಿ, ಎಷ್ಟಕ್ಕೆ ಹೋಗುತ್ತೀರಿ ಅಂತ ಹೇಳಿ, ಹೇಳಿದ ಹೊತ್ತಿಗೇ ಎದ್ದು ಹೋಗಿ. ಟಿವಿ ಆಫ್ ಮಾಡಿಸಿ, ಮಿಣುಕುವ ಟ್ಯೂಬ್‌ಲೈಟ್ ಇದ್ದರೆ ಅಂಗಳದಲ್ಲಿ ಕೂರಿ. ಸೆಂಟ್ ಹಾಕಿಕೊಂಡು ಹೋಗಬೇಡಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡು ಅಂತ ಒತ್ತಾಯ ಬೇಡ, ಎಷ್ಟೋ ಜನಕ್ಕೆ ಬೇರೆ ಕಡೆ ನೋಡಿದರೇನೇ ಮಾತು ಸರಿಯಾಗಿ ಕೇಳಿಸುವುದು. ಒಂದು ಸಲಕ್ಕೆ ಒಂದೇ ಪ್ರಶ್ನೆ. ಕೇಳಿದ ಮೇಲೆ ಮನಸ್ಸಿನಲ್ಲೇ ಹದಿನೈದು ಎಣಿಸಿ, ಅಷ್ಟರಲ್ಲಿ ಅಮ್ಮ ಉತ್ತರ ಹೇಳಿಬಿಡುತ್ತಾರೆ, ಸುಮ್ಮನೆ ಕಾಯಿರಿ ಅಂತ ಅವರಿಗೂ ಮೊದಲೇ ಹೇಳಿಟ್ಟಿರಿ.

"ನಿನ್ನ ಜೀವನ ಹೇಗಿದೆ?" ಅಂದರೆ ಉತ್ತರ ಬರುವುದಿಲ್ಲ. "ಶಾಲೆಗೆ ಹೋಗುವ ಬಸ್ಸಿನಲ್ಲಿ ಯಾವುದು ಕಷ್ಟ? ಸದ್ದಾ, ನೂಕಾಟವಾ, ವಾಸನೆಯಾ?" ಅಂತ ಕೇಳಿ. ಮಾತು ಬಾರದವರಿಗೆ ಚಿತ್ರದ ಕಾರ್ಡು, ಟ್ಯಾಬ್, ಬರೆದು ತೋರಿಸುವುದು, ಅವರ ದಾರಿ ಯಾವುದೋ ಅದು. ಮಾತಿಲ್ಲ ಅಂದ ಮಾತ್ರಕ್ಕೆ ಹೇಳುವುದು ಏನೂ ಇಲ್ಲ ಅಂತಲ್ಲ. ಮಗುವಿನ ಎದುರೇ ಮಗುವಿನ ಬಗ್ಗೆ ಅವನಿಗೆ ಕೇಳಿಸುವುದಿಲ್ಲ ಅಂದುಕೊಂಡು ಮಾತಾಡಬೇಡಿ, ಕೇಳಿಸುತ್ತಿರುತ್ತದೆ.

ನಿಲ್ಲಿಸಬೇಕಾದ ಗುರುತು: ಕೈ ಆಡಿಸುವುದು, ಹಿಂದೆಮುಂದೆ ತೂಗುವುದು ತಪ್ಪಲ್ಲ, ಅದು ಅವರಿಗೆ ಸಮಾಧಾನ ಕೊಡುತ್ತದೆ. ಆದರೆ ಅದು ಇದ್ದಕ್ಕಿದ್ದಂತೆ ಜೋರಾದರೆ, ಕಿವಿ ಮುಚ್ಚಿದರೆ, ಒಂದೇ ಮಾತನ್ನು ಮತ್ತೆಮತ್ತೆ ಹೇಳಲು ಶುರು ಮಾಡಿದರೆ, ಬಾಗಿಲ ಕಡೆ ಹೊರಟರೆ ರೆಕಾರ್ಡರ್ ಆಫ್ ಮಾಡಿ ಎದ್ದುಬಿಡಿ. "ಇನ್ನೊಂದೇ ಪ್ರಶ್ನೆ" ಬೇಡ.

## ಹಂತ 6: ಬರೆಯುವುದು, ಮತ್ತು ಸುಳ್ಳು ಚಿಕಿತ್ಸೆಗೆ ಜಾಗ ಕೊಡದಿರುವುದು

ಮೊದಲ ಸಾಲಿನಲ್ಲಿ ಕಣ್ಣೀರು ಬೇಡ. ಆ ವ್ಯಕ್ತಿ ಏನು ಮಾಡುತ್ತಿದ್ದಾರೆ ಅನ್ನೋದರಿಂದ ಶುರು ಮಾಡಿ. ಇನ್ನೊಂದು ತುದಿಯ ತಪ್ಪೂ ಇದೆ, "ಗಣಿತದಲ್ಲಿ ಮಹಾ ಪ್ರತಿಭೆ" ಅಂತ ಎಲ್ಲರನ್ನೂ ಪವಾಡ ಪುರುಷರನ್ನಾಗಿ ಮಾಡುವುದು. ಪ್ರತಿಭೆ ಇಲ್ಲದ ಮಗುವಿಗೂ ಶಾಲೆಯಲ್ಲಿ ಜಾಗ ಬೇಕು.

ಡಿಸ್ಲೆಕ್ಸಿಯಾ ಬಗ್ಗೆ ಬರೆಯುವಾಗ ಇಂಗ್ಲಿಷಿನ ಉದಾಹರಣೆ ತಂದು ಹಾಕುತ್ತಾರೆ, ಬಿ ಡಿ ಉಲ್ಟಾ ಬರೆಯುವುದು ಅಂತ. ನಮ್ಮ ಮಕ್ಕಳು ತೊಡರುವುದು ಒತ್ತಕ್ಷರದಲ್ಲಿ, ದೀರ್ಘದಲ್ಲಿ, ಗುಣಿತಾಕ್ಷರದಲ್ಲಿ. ಅದನ್ನು ತೋರಿಸಿ. ಜೊತೆಗೆ ಒಂದು ಎಚ್ಚರ: ಬಳ್ಳಾರಿಯ ತೆಲುಗು ಮನೆಯ ಮಗು, ರಾಯಚೂರಿನ ಉರ್ದು ಮನೆಯ ಮಗು, ತಾಂಡಾದ ಲಂಬಾಣಿ ಮಗು ಕನ್ನಡ ಓದಲು ತಡವಾದರೆ ಅದೆಲ್ಲ ಡಿಸ್ಲೆಕ್ಸಿಯಾ ಅಲ್ಲ. ಮನೆಮಾತಿನಲ್ಲೂ ಪರೀಕ್ಷೆ ಮಾಡಿದ್ದಾರಾ ಅಂತ ಕೇಳಬೇಕು. ಹಾಗೆಯೇ "ಎರಡು ಭಾಷೆ ಮಾತಾಡಿದ್ದಕ್ಕೆ ಮಗುವಿಗೆ ಆಟಿಸಂ ಬಂತು, ಮನೆಮಾತು ಬಿಡಿ" ಅನ್ನುವ ಸಲಹೆಗೂ ಆಧಾರ ಇಲ್ಲ. ಅಜ್ಜಿಯ ಭಾಷೆ ಬಿಡಿಸಿದರೆ ಮಗುವಿನ ಜೊತೆ ಮಾತಾಡುವವರು ಒಬ್ಬರು ಕಡಿಮೆ ಆಗುತ್ತಾರೆ ಅಷ್ಟೆ.

ಲಸಿಕೆಯಿಂದ ಆಟಿಸಂ ಅನ್ನುವ ಮಾತು ವಾಟ್ಸ್ಆ್ಯಪ್‌ನಲ್ಲಿ ಇನ್ನೂ ಓಡಾಡುತ್ತಿದೆ. 1998ರಲ್ಲಿ ಬ್ರಿಟನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೀ 12 ಮಕ್ಕಳ ಮೇಲೆ ಬರೆದ ಪ್ರಬಂಧದಿಂದ ಅದು ಹುಟ್ಟಿದ್ದು, 2010ರಲ್ಲಿ ಆ ಪತ್ರಿಕೆಯೇ ಅದನ್ನು ಹಿಂದಕ್ಕೆ ಪಡೆಯಿತು. "ಎರಡೂ ಕಡೆಯ ಅಭಿಪ್ರಾಯ" ಅಂತ ಇದಕ್ಕೆ ಪಕ್ಕದ ಕಾಲಂ ಕೊಡಬೇಡಿ.

ಈ ಕೆಳಗಿನವು ಕಂಡರೆ ಆ ಕೇಂದ್ರದ ಹೆಸರು ನಿಮ್ಮ ವರದಿಯಲ್ಲಿ ಸಹಾಯದ ಪಟ್ಟಿಗೆ ಸೇರಬಾರದು: "ಗ್ಯಾರಂಟಿ ಗುಣ" ಅನ್ನುವುದು, ವರ್ಷದ ದುಡ್ಡು ಮುಂಗಡ ಕೇಳುವುದು, ತರಬೇತಿ ನಡೆಯುವಾಗ ತಂದೆತಾಯಿಯನ್ನು ಒಳಗೆ ಬಿಡದಿರುವುದು, ಹೊಡೆದು ಕಲಿಸುವುದು. ವಿಶೇಷ ಶಿಕ್ಷಕರಿಗೆ, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಕೇಳಿ ಬರೆದುಕೊಳ್ಳಿ. ಸ್ಟೆಮ್ ಸೆಲ್ (ಆಕರಕೋಶ) ಚಿಕಿತ್ಸೆ ಅಂತ ಲಕ್ಷಗಟ್ಟಲೆ ಕೇಳುವವರ ವಿಷಯದಲ್ಲಿ ಇನ್ನೂ ಹುಷಾರು. 2017ರ ರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಕೆಲವು ರಕ್ತ ಸಂಬಂಧಿ ಕಾಯಿಲೆಗಳಂಥವನ್ನು ಬಿಟ್ಟರೆ ಬೇರೆ ಯಾವುದಕ್ಕೂ ಅದು ಒಪ್ಪಿತ ಚಿಕಿತ್ಸೆ ಅಲ್ಲ. ಹೊಲ ಮಾರಿ ಇದಕ್ಕೆ ದುಡ್ಡು ಹೊಂದಿಸಲು ಹೊರಟ ತಂದೆಯೊಬ್ಬರ ಜೊತೆ ನಾನು ಇಡೀ ಸಂಜೆ ಕೂತಿದ್ದೇನೆ. ಅವರಿಗೆ ಆಸೆ ತೋರಿಸಿದ್ದು ಒಂದು ಜಾಹೀರಾತು, ಅದು ಬಂದಿದ್ದು ಸುದ್ದಿಯ ರೂಪದಲ್ಲಿ.

## ಹಂತ 7: ಜನರನ್ನು ಮಾತಿಗೆ ಕೂರಿಸಿ

ವರದಿ ಬಂದ ಎರಡು ವಾರದೊಳಗೆ ಒಂದು ಸಭೆ. ಅದಕ್ಕಿಂತ ತಡವಾದರೆ ಬಿಸಿ ಆರುತ್ತದೆ. ಸಭೆ ಅಂದ ಕೂಡಲೇ ನಮ್ಮಲ್ಲಿ ವೇದಿಕೆ, ಹಾರ ತುರಾಯಿ, ಸ್ವಾಗತ, ಪ್ರಾಸ್ತಾವಿಕ, ಹನ್ನೊಂದು ಜನ ಗಣ್ಯರು. ತಂದೆತಾಯಿಗೆ ಮಾತಿನ ಸರದಿ ಬರುವ ಹೊತ್ತಿಗೆ ಊಟದ ಗಂಟೆ. ಇದನ್ನು ಬಿಡಿ.

ಜಾಗ: ಗ್ರಂಥಾಲಯ, ಶಾಲೆಯ ಕೊಠಡಿ, ಸಣ್ಣ ಸಭಾಂಗಣ. ನಲವತ್ತು ಜನ ಮೀರಬಾರದು. ಕುರ್ಚಿ ಗುಂಡಗೆ ಹಾಕಿ. ಪಕ್ಕದಲ್ಲಿ ಇನ್ನೊಂದು ಖಾಲಿ ಕೋಣೆ ಇರಲೇಬೇಕು, ಚಾಪೆ ಹಾಸಿ, ಲೈಟ್ ಕಡಿಮೆ ಮಾಡಿ, ಸದ್ದು ತಾಳಲಾರದವರು ಯಾವಾಗ ಬೇಕಾದರೂ ಹೋಗಿ ಕೂರಲಿ. ಹೊತ್ತು: ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆ. ಏಪ್ರಿಲ್‌ನಲ್ಲಿ ರಾಯಚೂರಿನ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ, ಆ ಬಿಸಿಲಲ್ಲಿ ಯಾರ ತಲೆಯೂ ಓಡುವುದಿಲ್ಲ. ಮೈಕ್ ಕೀಂ ಅನ್ನದ ಹಾಗೆ ಹಿಂದಿನ ದಿನವೇ ನೋಡಿ, ಆಗದಿದ್ದರೆ ಮೈಕೇ ಬೇಡ. ಚಪ್ಪಾಳೆ ಬದಲು ಕೈ ಎತ್ತಿ ಆಡಿಸೋಣ ಅಂತ ಶುರುವಿನಲ್ಲೇ ಹೇಳಿ. ಜನ ಮೊದಲು ನಗುತ್ತಾರೆ, ಐದು ನಿಮಿಷದಲ್ಲಿ ರೂಢಿ ಆಗುತ್ತದೆ.

ಮಾತಿನ ಕ್ರಮ ತುಂಬಾ ಮುಖ್ಯ. ಮೊದಲು ಮೂರನೇ ಹಂತದಲ್ಲಿ ಸಿಕ್ಕ ದೊಡ್ಡವರು, ಬಯಸಿದರೆ ಮಾತ್ರ. ಬರಲು ಇಷ್ಟ ಇಲ್ಲದಿದ್ದರೆ ಬರೆದು ಕೊಡಲಿ, ನೀವು ಓದಿ. ಆಮೇಲೆ ತಾಯಿ ತಂದೆ, ಆಮೇಲೆ ಶಿಕ್ಷಕರು. ಡಾಕ್ಟರು, ಅಧಿಕಾರಿಗಳು ಕೊನೆಯ ಅರ್ಧ ಗಂಟೆ, ಉತ್ತರ ಕೊಡುವುದಕ್ಕೆ. ಅವರಿಗೆ ಮೊದಲು ಮಾತು ಕೊಟ್ಟರೆ ಯೋಜನೆಗಳ ಪಟ್ಟಿ ಓದಿ ಇನ್ನೊಂದು ಕಾರ್ಯಕ್ರಮ ಇದೆ ಅಂತ ಹೊರಟುಬಿಡುತ್ತಾರೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿ, ಯಾವ ಭಾಷೆಯಲ್ಲಾದರೂ. ಹೆಂಗಸರು ಎದ್ದು ಕೇಳದ ಪ್ರಶ್ನೆಗಳು ಚೀಟಿಯಲ್ಲಿ ಬರುತ್ತವೆ. ಒಂದು ಸಲ ಒಂದೇ ಪ್ರಶ್ನೆ ಏಳು ಚೀಟಿಯಲ್ಲಿತ್ತು: "ನಾವು ಸತ್ತ ಮೇಲೆ ಯಾರು?" 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಆಟಿಸಂ, ಬೌದ್ಧಿಕ ಅಂಗವೈಕಲ್ಯದಂಥವು ಇರುವ, 18 ದಾಟಿದವರಿಗೆ ಪಾಲಕರನ್ನು ನೇಮಿಸಲು ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬಹುದು. ಆ ದಿನ ಅಲ್ಲಿದ್ದ ಹೆಚ್ಚಿನವರಿಗೆ ಇದು ಹೊಸ ಸುದ್ದಿ.

ಎಚ್ಚರಿಕೆಯ ಗುರುತುಗಳು: ಯಾರೋ ಕಾರ್ಡು ಹಂಚಲು, ಔಷಧಿ ಹೇಳಲು ಶುರು ಮಾಡುವುದು. ತಾಯಿ ಅಳಲು ಶುರು ಮಾಡಿದ ಕೂಡಲೇ ಮೊಬೈಲುಗಳು ಮೇಲೇಳುವುದು. ಎರಡನ್ನೂ ಅಲ್ಲೇ ನಿಲ್ಲಿಸಿ. ಸಂಕೋಚ ಬೇಡ.

ಕೊನೆಗೆ ಅಧಿಕಾರಿ ಒಪ್ಪಿಕೊಂಡದ್ದನ್ನು ದಿನಾಂಕದ ಜೊತೆ ಬೋರ್ಡ್ ಮೇಲೆ ಬರೆಸಿ, ಫೋಟೋ ತೆಗೆದುಕೊಳ್ಳಿ. ಮುಂದಿನ ವರದಿಗೆ ಅದೇ ಶುರು.

## ಹಂತ 8: ಪ್ರಕಟವಾದ ಮೇಲಿನ ಕೆಲಸ

ಹೆಚ್ಚಿನವರು ಏಳಕ್ಕೇ ನಿಲ್ಲುತ್ತಾರೆ. ಅಮೆರಿಕದ ಪತ್ರಕರ್ತ ಸ್ಟೀವ್ ಸಿಲ್ಬರ್‌ಮನ್ 2001ರಲ್ಲಿ ವೈರ್ಡ್ ಪತ್ರಿಕೆಗೆ ಆಟಿಸಂ ಬಗ್ಗೆ ಒಂದು ಲೇಖನ ಬರೆದರು. ಆಮೇಲೆ ವರ್ಷಗಟ್ಟಲೆ ಅವರಿಗೆ ಕುಟುಂಬಗಳಿಂದ ಪತ್ರಗಳು ಬರುತ್ತಲೇ ಇದ್ದವು. ಹೊರಗೆ ಜಗತ್ತು ಲಸಿಕೆಯ ಬಗ್ಗೆ ಜಗಳ ಆಡುತ್ತಿದ್ದರೆ, ಮನೆಗಳಲ್ಲಿ ಜನ ಶಾಲೆ, ನೆರವು, ಕೆಲಸದ ಬಗ್ಗೆ ಕೇಳುತ್ತಿದ್ದರು. ಆ ಪತ್ರಗಳ ಜಾಡು ಹಿಡಿದು ಅವರು ಬರೆದ ಪುಸ್ತಕ ಬಂದದ್ದು 2015ರಲ್ಲಿ. ನಡುವೆ 14 ವರ್ಷ. ನಾನು ಎರಡನೇ ನೋಟ್‌ಬುಕ್ ಇಡಲು ಶುರು ಮಾಡಿದ್ದು ಇದನ್ನು ತಿಳಿದ ಮೇಲೆ.

ಆ ನೋಟ್‌ಬುಕ್‌ನಲ್ಲಿ ಫೋನ್ ಮಾಡಿದವರ ತಾಲ್ಲೂಕು, ಪ್ರಶ್ನೆ, ನೀವು ಯಾವ ಕಚೇರಿಗೆ ಕಳಿಸಿದಿರಿ, ಅಲ್ಲಿ ಕೆಲಸ ಆಯಿತಾ, ಇಷ್ಟು ಬರೆಯಿರಿ. ಹೆಸರು ಬೇಡ, ಒಂದು ಗುರುತು ಸಾಕು. ಮೂರು ತಿಂಗಳಿಗೊಮ್ಮೆ ಓದಿ. ಒಂದೇ ತಾಲ್ಲೂಕಿನಿಂದ ಒಂದೇ ದೂರು ನಾಲ್ಕು ಸಲ ಬಂದಿದ್ದರೆ ನಿಮ್ಮ ಮುಂದಿನ ಸುದ್ದಿ ಅದೇ.

ವರ್ಷದ ಲೆಕ್ಕ ಹೀಗೆ ಇಟ್ಟುಕೊಳ್ಳಿ. ಜೂನ್‌ನಲ್ಲಿ ಶಾಲೆಗೆ ಸೇರಿಸಿಕೊಳ್ಳದೆ ವಾಪಸ್ ಕಳಿಸಿದ ಮಕ್ಕಳು. ಮಳೆಗಾಲ ಮುಗಿಯುವ ಹೊತ್ತಿಗೆ ಎಸ್ಸೆಸ್ಸೆಲ್ಸಿಯ ವಿಷಯ: ಹೆಚ್ಚುವರಿ ಸಮಯ, ಬರೆಯುವವರ ನೆರವು, ಭಾಷಾ ವಿಷಯದ ವಿನಾಯಿತಿ. ಇವು ಸೆಕ್ಷನ್ 17 ಹೇಳುವ ವಿಷಯಗಳು. ಆದರೆ ಪ್ರಮಾಣಪತ್ರ ಮಾಡಿಸಿ ಮುಖ್ಯ ಶಿಕ್ಷಕರ ಮೂಲಕ ಮೊದಲೇ ಅರ್ಜಿ ಹಾಕಬೇಕು. ಪರೀಕ್ಷೆಗೆ ಹದಿನೈದು ದಿನ ಇರುವಾಗ ಬರೆದರೆ ಯಾರಿಗೂ ಉಪಯೋಗ ಇಲ್ಲ. ಜನವರಿಯಲ್ಲಿ ಜಾತ್ರೆ, ಮಕ್ಕಳು ಕಳೆದುಹೋಗುವುದು, ಡಿಜೆ ಸದ್ದು. ಏಪ್ರಿಲ್ 2ರಂದು ಹೋದ ವರ್ಷ ಬೋರ್ಡ್ ಮೇಲೆ ಬರೆಸಿದ್ದು ಏನಾಯಿತು ಅಂತ ಕೇಳುವ ವರದಿ.

ಫೋನ್‌ಗಳಲ್ಲಿ ಕೆಲವು ಭಾರವಾಗಿರುತ್ತವೆ. "ಮಗೂನ ಕರ್ಕೊಂಡು ನಾನೂ ಸಾಯ್ತೀನಿ" ಅಂದವರಿದ್ದಾರೆ. ಆಗ ನೀವು ಪತ್ರಕರ್ತರಾಗಿ ಪ್ರಶ್ನೆ ಕೇಳಬೇಡಿ. ಫೋನ್ ಇಡದೆ ಮಾತಾಡುತ್ತಿರಿ, ಹತ್ತಿರದ ಯಾರಿಗಾದರೂ ಅವರ ಮನೆಗೆ ಹೋಗಲು ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಡಿ, ಅದು 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಮಾರನೇ ದಿನ ಮತ್ತೆ ನೀವೇ ಫೋನ್ ಮಾಡಿ. ಆ ಮಾತನ್ನು ಎಂದೂ ಬರೆಯಬೇಡಿ.

ಮತ್ತೆ ಆರು ತಿಂಗಳಾದ ಮೇಲೆ ನಾಲ್ಕನೇ ಹಂತದ ಮನೆಗೆ ಇನ್ನೊಮ್ಮೆ ಹೋಗಿ. ಮೊದಲ ಸಲದ ಹಾಗೆಯೇ, ಕ್ಯಾಮೆರಾ ಇಲ್ಲದೆ. ಪತ್ರಿಕೆಯ ಒಂದು ಪ್ರತಿ ಕೊಡಿ, ಬರೆದದ್ದರಲ್ಲಿ ತಪ್ಪಾಗಿದ್ದು ಏನು ಅಂತ ಕೇಳಿ, ಅವರು ಹೇಳಿದ್ದನ್ನು ಎರಡನೇ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಳ್ಳಿ.